‘ಕಪ್ಪಗಿದ್ದರೂ’: ನನ್ನ ಆರನೆಯ ಪಾಠ

ಅಭ್ಯಾಸ ಬೋಧನೆಯ ಆರನೆಯ ಪಾಠಕ್ಕೆ ನನ್ನ ವೀಕ್ಷಣಾ ಪುಸ್ತಕದಲ್ಲಿ ‘ಉತ್ತಮ’ ಎಂಬ ಷರಾ ಇದೆ. ಪೀಠಿಕೆ, ಬೋಧನೋಪಕರಣ, ಮಕ್ಕಳ ಪಾಲ್ಗೊಳ್ಳುವಿಕೆ ಎಲ್ಲಕ್ಕೂ ಸರಿ ಗುರುತು ಬಿದ್ದಿದೆ. ಆದರೆ ಇಡೀ ಅಭ್ಯಾಸ ಬೋಧನೆಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಅದೇ ಪಾಠದಲ್ಲಿದೆ. ಅದು ಒಂದೇ ಒಂದು ಪದದ ತಪ್ಪು.

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆ, ನಾಲ್ಕನೆಯ ತರಗತಿ, 26 ಮಕ್ಕಳು. ಮೊದಲ ವಾರ ‘ನನ್ನ ಚಿತ್ರ ನಾನೇ ಬರೆಯುವೆ’ ಎಂಬ ಚಟುವಟಿಕೆ ಕೊಟ್ಟಿದ್ದೆ. ಮುಖಕ್ಕೆ ಬಣ್ಣ ತುಂಬುವಾಗ ಹೆಚ್ಚುಕಡಿಮೆ ಎಲ್ಲರೂ ಕ್ರಯಾನ್ ಡಬ್ಬಿಯ ಒಂದೇ ಕಡ್ಡಿಗೆ ಕಾದು ಕುಳಿತರು. ತಿಳಿ ಕಿತ್ತಳೆಗೆ ಗುಲಾಬಿ ಬೆರೆಸಿದಂಥ ಆ ಕಡ್ಡಿಗೆ ಮಕ್ಕಳ ಬಾಯಲ್ಲಿ ‘ಸ್ಕಿನ್ ಕಲರ್’ ಎಂದೇ ಹೆಸರು. ಆ ಬಣ್ಣದ ಚರ್ಮ ಆ ಕೋಣೆಯಲ್ಲಿ ಒಬ್ಬರಿಗೂ ಇರಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಅಮೆರಿಕದ ಕ್ರಯೋಲಾ ಕಂಪನಿ ಇಂಥದೇ ಕಡ್ಡಿಗೆ ಇಟ್ಟಿದ್ದ ‘ಫ್ಲೆಶ್’ ಎಂಬ ಹೆಸರನ್ನು 1962ರಲ್ಲೇ ತೆಗೆದು ‘ಪೀಚ್’ ಎಂದು ಮಾಡಿತು. ನಮ್ಮ ತರಗತಿಗಳಲ್ಲಿ ಅದಿನ್ನೂ ಚರ್ಮದ ಬಣ್ಣವಾಗಿಯೇ ಉಳಿದಿದೆ.

ಅದಕ್ಕೇ ಆರನೆಯ ಪಾಠಕ್ಕೆ ‘ಸುಲ್ವೆ’ ಎಂಬ ಚಿತ್ರಪುಸ್ತಕ ಆರಿಸಿಕೊಂಡೆ. ಕೀನ್ಯಾದಲ್ಲಿ ಬೆಳೆದ ನಟಿ ಲುಪಿಟಾ ನ್ಯೊಂಗೊ ಬರೆದ, ವಾಷ್ಟಿ ಹ್ಯಾರಿಸನ್ ಚಿತ್ರ ರಚಿಸಿದ ಈ ಪುಸ್ತಕ 2019ರಲ್ಲಿ ಬಂತು. ಸುಲ್ವೆ ಎಂದರೆ ಲುವೊ ಭಾಷೆಯಲ್ಲಿ ನಕ್ಷತ್ರ. ಮನೆಯವರೆಲ್ಲರಿಗಿಂತ ಕಪ್ಪಗಿರುವ ಸುಲ್ವೆ ತನ್ನ ಬಣ್ಣವನ್ನು ರಬ್ಬರಿನಿಂದ ಅಳಿಸಲು ನೋಡುತ್ತಾಳೆ, ಅಮ್ಮನ ಮೇಕಪ್ ಬಳಿದುಕೊಳ್ಳುತ್ತಾಳೆ, ದೇವರಲ್ಲಿ ಬೇಡಿಕೊಳ್ಳುತ್ತಾಳೆ. ಕೊನೆಗೆ ಒಂದು ರಾತ್ರಿ ಅವಳಿಗೆ ಹಗಲು ಮತ್ತು ಇರುಳು ಎಂಬ ಅಕ್ಕತಂಗಿಯರ ಕಥೆ ತಿಳಿಯುತ್ತದೆ. ಜನರ ಮಾತಿಗೆ ನೊಂದು ಇರುಳು ಊರು ಬಿಟ್ಟು ಹೋಗುತ್ತಾಳೆ. ಬಿಡದ ಬೆಳಕಿನಲ್ಲಿ ಬಳಲಿದ ಜನ ಮತ್ತೆ ಅವಳಿಗಾಗಿ ಹಂಬಲಿಸುತ್ತಾರೆ.

ಪುಸ್ತಕ ಇಂಗ್ಲಿಷಿನದು. ನಾನು ಚಿತ್ರ ತೋರಿಸುತ್ತಾ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ರಬ್ಬರಿನ ಪುಟ ಬಂದಾಗ ಮಕ್ಕಳು ಜೋರಾಗಿ ನಕ್ಕರು. “ರಬ್ಬರಲ್ಲಿ ಹೋಗಲ್ಲ ಮಿಸ್, ಕಡ್ಲೆಹಿಟ್ಟು ಹಾಕಿ ಉಜ್ಬೇಕು” ಎಂದ ಒಬ್ಬ. ಹಾಲಿನ ಕೆನೆ, ಅರಿಶಿನ, ಪೌಡರ್ ಎಂದು ಪಟ್ಟಿ ಬೆಳೆಯಿತು. ಒಂಬತ್ತು ವರ್ಷದ ಮಕ್ಕಳಿಗೆ ಇಷ್ಟೆಲ್ಲ ಮದ್ದು ಗೊತ್ತಿತ್ತು! ಎರಡನೆಯ ಸಾಲಿನ ಒಬ್ಬ ಹುಡುಗಿ ಮಾತ್ರ ನಗಲಿಲ್ಲ, ಮಾತೂ ಆಡಲಿಲ್ಲ. ಅವಳ ಕಣ್ಣು ಪುಸ್ತಕ ಬಿಟ್ಟು ಆಚೀಚೆ ಹೋಗಲಿಲ್ಲ. ಕಥೆ ಮುಗಿಯುವ ಹೊತ್ತಿಗೆ ಅವಳ ಮುಖ ಅರಳಿತ್ತು.

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಪಾಠಯೋಜನೆಯಲ್ಲಿ ‘ಮೌಲ್ಯ’ ಎಂಬ ಕಾಲಂ ಇತ್ತು. ಐದು ನಿಮಿಷ ಉಳಿದಿತ್ತು. ಹಿಂದಿನ ಬೆಂಚಿನಲ್ಲಿ ಮೇಲ್ವಿಚಾರಕರು ಕುಳಿತಿದ್ದರು. ಆ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು, “ನೋಡಿ ಮಕ್ಕಳೇ, ಇವಳು ಕಪ್ಪಗಿದ್ದರೂ ಎಷ್ಟು ಲಕ್ಷಣವಾಗಿದ್ದಾಳೆ!” ಎಂದುಬಿಟ್ಟೆ.

ಎಲ್ಲರೂ ತಿರುಗಿ ಅವಳನ್ನು ನೋಡಿದರು. ಅವಳು ತಲೆ ತಗ್ಗಿಸಿದಳು. ಹಿಂದಿನಿಂದ ಯಾರೋ ಮೆಲ್ಲಗೆ “ಸುಲ್ವೆ” ಎಂದರು. ಬಿಸಿಯೂಟದ ಹೊತ್ತಿಗೆ ಅದು ಅವಳ ಅಡ್ಡಹೆಸರಾಗಿತ್ತು. ತಟ್ಟೆ ತೊಳೆಯುವಲ್ಲಿ ನನ್ನ ಬಳಿ ಬಂದು, “ಮಿಸ್, ನಾಳೆ ಆ ಪುಸ್ತಕ ತರಬೇಡಿ” ಎಂದಳು.

ಅಂದು ರಾತ್ರಿ ಆ ವಾಕ್ಯವನ್ನು ಬಿಡಿಸಿ ನೋಡಿದೆ. ‘ಬಡವನಾದರೂ ಪ್ರಾಮಾಣಿಕ’, ‘ಹಳ್ಳಿಯವಳಾದರೂ ಜಾಣೆ’. ಈ ‘ರೂ’ ಬಂದಲ್ಲೆಲ್ಲ ಅದರ ಹಿಂದಿನ ಪದ ಒಂದು ಕೊರತೆಯಾಗಿಬಿಡುತ್ತದೆ. ಹೊಗಳಿಕೆ ಆ ಕೊರತೆಗೆ ಕೊಟ್ಟ ರಿಯಾಯಿತಿಯಾಗುತ್ತದೆ. ‘ಕಪ್ಪಾದರೂ ಕಸ್ತೂರಿ’ ಎಂದು ನನ್ನಜ್ಜಿ ನನ್ನನ್ನು ಮುದ್ದು ಮಾಡುತ್ತಿದ್ದರು. ಅದನ್ನು ಪ್ರೀತಿಯೆಂದೇ ನಂಬಿದ್ದೆ, ಅದು ಪ್ರೀತಿಯೂ ಹೌದು. ಆದರೆ ಕಾಲೇಜಿನ ಅರ್ಜಿಗೆ ಫೋಟೊ ತೆಗೆಸುವಾಗ ಸ್ಟುಡಿಯೊದವನು ಕೇಳದೆಯೇ ನನ್ನ ಮುಖವನ್ನು ಬಿಳುಪು ಮಾಡಿ ಕೊಟ್ಟಾಗ ನಾನು ಬೇಡವೆನ್ನಲಿಲ್ಲ. ಆ ‘ರೂ’ ನನ್ನೊಳಗೂ ಇತ್ತು. ಅದನ್ನೇ ಮಗುವಿಗೆ ದಾಟಿಸಿದ್ದೆ.

ಮಕ್ಕಳಿಗೆ ಪುಸ್ತಕಗಳು ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದು ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಹೇಳಿದ್ದನ್ನು ನಾವೆಲ್ಲ ಓದಿದ್ದೇವೆ. ಆ ಹುಡುಗಿಗೆ ಪುಸ್ತಕ ಕನ್ನಡಿಯಾಗಿತ್ತು. ಅವಳು ಅದರಲ್ಲಿ ತನ್ನನ್ನು ನೋಡಿಕೊಳ್ಳುತ್ತಿದ್ದಾಗ ನಾನು ಇಡೀ ತರಗತಿಯನ್ನು ಕರೆದು ತಂದು ಅವಳನ್ನು ತೋರಿಸಿದೆ.

ಮಾರನೆಯ ದಿನ ತರಗತಿ ಶಿಕ್ಷಕಿಗೆ ಎಲ್ಲವನ್ನೂ ಹೇಳಿದೆ. “ಕ್ಷಮೆ ಕೇಳೋಕೆ ಹೋಗಿ ಮತ್ತೆ ಅವಳನ್ನೇ ಎದ್ದು ನಿಲ್ಲಿಸಬೇಡಮ್ಮ. ಎಲ್ಲರಿಗೂ ಒಂದೇ ಕೆಲಸ ಕೊಡು” ಎಂದರು. ಕ್ಯಾರನ್ ಕಾಟ್ಜ್ ಅವರ ‘ದಿ ಕಲರ್ಸ್ ಆಫ್ ಅಸ್’ (1999) ನೆನಪಾಯಿತು. ಅದರಲ್ಲಿ ಚಿತ್ರಕಾರ್ತಿ ತಾಯಿಯೊಬ್ಬಳು ಮಗಳಿಗೆ ಕೆಂಪು, ಹಳದಿ, ಕಪ್ಪು, ಬಿಳಿ ಬೆರೆಸಿ ತನ್ನ ಕಂದು ಬಣ್ಣವನ್ನು ತಾನೇ ಮಾಡಿಕೊಳ್ಳುವುದನ್ನು ಕಲಿಸುತ್ತಾಳೆ.

ನಾಲ್ಕು ಪೋಸ್ಟರ್ ಬಣ್ಣ, ಹಳೆಯ ಮುಚ್ಚಳಗಳು, ಬೆಂಕಿಕಡ್ಡಿಗಳು. ಇಷ್ಟೇ ಉಪಕರಣ. ಬೆರೆಸಿದ್ದನ್ನು ಮುಂಗೈಗೆ ಹಚ್ಚಿ ನೋಡಬೇಕು, ಗುರುತು ಕಾಣದೆ ಚರ್ಮದಲ್ಲಿ ಸೇರಿಹೋದರೆ ಅದು ನಿಮ್ಮ ಬಣ್ಣ. ಮೊದಲು ನಾನೇ ಕುಳಿತು ನನ್ನದನ್ನು ಬೆರೆಸಿದೆ, ಮೂರು ಸಲ ತಪ್ಪಿತು. ಕಪ್ಪನ್ನು ಕಡ್ಡಿಯ ತುದಿಯಲ್ಲಿ ಮುಟ್ಟಿಸಿದರೆ ಸಾಕು, ಹೆಚ್ಚಾದರೆ ಎಲ್ಲ ಕೆಡುತ್ತದೆ ಎಂದು ಮಕ್ಕಳೇ ಕಂಡುಕೊಂಡರು. ತರಗತಿಯಲ್ಲಿ ಎಲ್ಲರಿಗಿಂತ ‘ಬೆಳ್ಳಗೆ’ ಎನಿಸಿಕೊಂಡ ಹುಡುಗನಿಗೂ ಬರೀ ಬಿಳಿಯಲ್ಲಿ ಬಣ್ಣ ಕೂಡಲಿಲ್ಲ. “ಮಿಸ್, ನನಗೂ ಕಪ್ಪು ಬೇಕು” ಎಂದು ಎದ್ದು ಬಂದ. ನಾನು ಏನೂ ಹೇಳಲಿಲ್ಲ.

ಆಮೇಲೆ ತಂತಮ್ಮ ಬಣ್ಣಕ್ಕೆ ಹೆಸರಿಡುವುದು. ಇನ್ನೊಬ್ಬರ ಬಣ್ಣಕ್ಕೆ ಯಾರೂ ಹೆಸರಿಡಬಾರದು, ಅದೊಂದೇ ನಿಯಮ. ಬೆಲ್ಲ, ರಾಗಿ ಹಿಟ್ಟು, ಹೊಸ ಮಡಕೆ, ಹುರಿದ ಕಡ್ಲೆಕಾಯಿ ಬಂದವು. ಆ ಹುಡುಗಿ ಬಹಳ ಹೊತ್ತು ಬೆರೆಸಿ ಕಾಗದದ ಕೆಳಗೆ ‘ಹುಣಸೆ ಬೀಜ’ ಎಂದು ಬರೆದಳು. “ಎಣ್ಣೆ ಹಚ್ಚಿದಂಗೆ ಹೊಳೆಯುತ್ತೆ ಮಿಸ್” ಎಂದಳು.

ಇದರಿಂದ ಎಲ್ಲ ಸರಿಹೋಯಿತು ಎನ್ನಲಾರೆ. ಅಡ್ಡಹೆಸರು ಮತ್ತೂ ಕೆಲವು ದಿನ ಕೇಳಿಸಿತು. ಮನೆಯಲ್ಲಿ ಕಡ್ಲೆಹಿಟ್ಟಿನ ಉಪಚಾರ ನಿಂತಿರಲಾರದು. ಆದರೆ ಪಾಠಯೋಜನೆ ಬರೆಯುವ ನನ್ನ ರೀತಿ ಬದಲಾಗಿದೆ. ಚಿತ್ರಪುಸ್ತಕದ ಪಾಠವಾದರೆ ‘ಮೌಲ್ಯ’ದ ಕಾಲಂನಲ್ಲಿ ಈಗ ಮೊದಲು ಬರೆದುಕೊಳ್ಳುವುದು, ಕಥೆ ಮುಗಿದ ಮೇಲೆ ನಾನು ಏನನ್ನು ಹೇಳಬಾರದು ಎಂಬುದನ್ನು. ಸಹಪ್ರಶಿಕ್ಷಣಾರ್ಥಿಗಳಿಗೂ ನನ್ನ ಸಲಹೆ ಇಷ್ಟೇ: ಪುಸ್ತಕವನ್ನು ಎಲ್ಲರಿಗೂ ತೋರಿಸಿ, ಮಗುವನ್ನು ತೋರಿಸಬೇಡಿ.

‘ಸುಲ್ವೆ’ಯನ್ನು ನಾನು ಮತ್ತೆ ಓದಲಿಲ್ಲ. ಓದುವ ಮೂಲೆಯಲ್ಲಿ ಇತರ ಪುಸ್ತಕಗಳ ನಡುವೆ ಇಟ್ಟೆ. ಕೊನೆಯ ದಿನ ಬಿಡುವಿನಲ್ಲಿ ಒಳಗೆ ಹೋದಾಗ ಅವಳು ಒಬ್ಬಳೇ ಗೋಡೆಗೊರಗಿ ಇರುಳಿನ ಪುಟ ತೆರೆದು ಕುಳಿತಿದ್ದಳು. ಮಾತಾಡಿಸಬೇಕೆನಿಸಿತು. ಆದರೆ ಚಾಕ್‌ಪೀಸಿನ ಡಬ್ಬಿ ತೆಗೆದುಕೊಂಡು ಸದ್ದಿಲ್ಲದೆ ಹೊರಗೆ ಬಂದೆ.