ಸಂಬಳ ಬಂದರೂ ಹುರುಪೇಕೆ ಬರಲಿಲ್ಲ?

ಮಕ್ಕಳು ಕೆಲಸಕ್ಕೆ ಸೇರಿದರೆ ನಮ್ಮ ಕಡೆ ಎಲ್ಲರೂ ಮೊದಲು ಕೇಳುವುದು ‘ಸಂಬಳ ಎಷ್ಟು?’ ಎಂದೇ. ಕೆಲಸ ಮನಸ್ಸಿಗೆ ಹಿಡಿಸಿತೇ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯೂ ಎಷ್ಟು ಮುಖ್ಯವೆಂದು ನಮ್ಮ ಮನೆಗಳಲ್ಲಿ ಗೊತ್ತಾದದ್ದು ಕೊರೋನಾ ಕಾಲದಲ್ಲಿ.

2020ರ ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿತ್ತು. ಅದಕ್ಕೆ ನಾಲ್ಕು ದಿನ ಮೊದಲು ನನ್ನ ಮಗ ಎರಡು ಜೊತೆ ಬಟ್ಟೆ, ಒಂದು ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನಿಂದ ಸಾಗರಕ್ಕೆ ಬಂದಿಳಿದ. ಕೆಲಸಕ್ಕೆ ಸೇರಿ ಎಂಟೇ ತಿಂಗಳಾಗಿತ್ತು. ಮಹಡಿಯ ಕೋಣೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಮೇಜು ಹಾಕಿಕೊಟ್ಟೆವು. ಮೊದಲ ತಿಂಗಳು ಮನೆಯಲ್ಲಿ ಹಬ್ಬವೇ. ಆಮೇಲೆ ಮಳೆಗಾಲ ಬಂತು. ಕರೆಂಟು ಹೋದರೆ ನೆಟ್‌ವರ್ಕೂ ಹೋಯಿತು. ಗುಡ್ಡದ ಮೇಲೆ ಕೊಡೆ ಹಿಡಿದು ಕೂತು ಕೆಲಸ ಮಾಡಿದ ಮಕ್ಕಳನ್ನು ಮಲೆನಾಡಿನ ತಾಯಂದಿರು ಮರೆಯುವುದುಂಟೇ?

ಆದರೆ ಹುಡುಗ ಸೊರಗಿದ್ದು ಅದರಿಂದಲ್ಲ. ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದ: ‘ಅಮ್ಮ, ಆಫೀಸಲ್ಲಿ ಗೊತ್ತಾಗದ್ದನ್ನ ಪಕ್ಕದವರ ಹತ್ರ ಕೇಳ್ತಿದ್ದೆ. ಅವರು ಮಾಡೋದು ನೋಡಿ ಕಲೀತಿದ್ದೆ. ಈಗ ಮಾಡಿದ್ದು ಸರಿಯೋ ತಪ್ಪೋ ಹೇಳೋರೇ ಇಲ್ಲ.’

ನಮ್ಮ ಯಜಮಾನರು ರೇಗಿದರು: ‘ಮನೆ ಊಟ, ಬಾಡಿಗೆ ಉಳಿತಾಯ, ಕೂತಲ್ಲೇ ಸಂಬಳ. ಇನ್ನೇನು ಬೇಕಂತೆ?’

ನನ್ನ ಅಕ್ಕನ ಮಗಳು ಮಂಗಳೂರಿನಲ್ಲಿ ನರ್ಸು. ಇವನ ಸಂಬಳದ ಅರ್ಧವೂ ಅವಳಿಗಿರಲಿಲ್ಲ. ಪಿ.ಪಿ.ಇ. ಕಿಟ್ಟಿನೊಳಗೆ ಬೆವರಿ, ಗಂಟೆಗಟ್ಟಲೆ ನೀರೂ ಕುಡಿಯದೆ ದುಡಿದವಳು. ಆದರೂ ಫೋನಿನಲ್ಲಿ, ‘ಚಿಕ್ಕಮ್ಮ, ನಮ್ಮ ವಾರ್ಡಿನ ಅಜ್ಜಿ ಇವತ್ತು ನಡ್ಕೊಂಡೇ ಮನೆಗೆ ಹೋದ್ರು’ ಎನ್ನುವಾಗ ಅವಳ ದನಿಯೇ ಬೇರೆ. ತಾನು ಮಾಡಿದ್ದರ ಫಲ ಅವಳ ಕಣ್ಣೆದುರಿಗಿತ್ತು.

ಹಾಗೆಂದು ಹುರುಪೊಂದಿದ್ದರೆ ಸಾಕು ಎನ್ನುವಂತಿಲ್ಲ. 2020ರ ಮಾರ್ಚ್ 22ರಂದು ನಾವೆಲ್ಲ ಬಾಗಿಲಿಗೆ ಬಂದು ಚಪ್ಪಾಳೆ ತಟ್ಟಿದೆವು. ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಚಪ್ಪಾಳೆಯಿಂದ ಅಕ್ಕಿ ಬರುತ್ತದೆಯೇ? ನಮ್ಮ ನರ್ಸಮ್ಮನೂ 2022ರಲ್ಲಿ ಹೆಚ್ಚು ಸಂಬಳ ಕೊಡುವ ಆಸ್ಪತ್ರೆಗೆ ಹೋದಳು. ಒಳ್ಳೆಯದೇ ಮಾಡಿದಳು.

2021ರಲ್ಲಿ ಮಗ ಕೆಲಸ ಬಿಡುತ್ತೇನೆ ಎಂದ. ಆಗ ಬಿಟ್ಟವನು ಅವನೊಬ್ಬನೇ ಅಲ್ಲ. ಇನ್ಫೋಸಿಸ್ ಒಂದರಲ್ಲೇ 2022ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ನೂರಕ್ಕೆ ಸುಮಾರು 28 ಮಂದಿ ಕೆಲಸ ಬಿಟ್ಟರು. ಎಷ್ಟೋ ಮಂದಿ ಹೆಚ್ಚಿನ ಸಂಬಳಕ್ಕೆ ಹೋದರು. ನಮ್ಮವನು ಹೋದದ್ದು ಮೈಸೂರಿನ ಸಣ್ಣ ಕಂಪನಿಗೆ, ತಿಂಗಳಿಗೆ ಆರು ಸಾವಿರ ಕಡಿಮೆಗೆ. ಅಲ್ಲಿ ಆರು ಜನ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಾರೆ. ತಂಗಿಯ ಕಾಲೇಜು ಫೀಸು ಅವನ ಸಂಬಳದಿಂದಲೇ ಹೋಗುತ್ತಿತ್ತು. ಆ ವರ್ಷ ನನ್ನ ಚೀಟಿಯ ಹಣ ಎತ್ತಿ ಕಟ್ಟಿದೆ. ಅಪ್ಪ ಹದಿನೈದು ದಿನ ಮಗನ ಹತ್ತಿರ ಮಾತಾಡಲಿಲ್ಲ. ಈಗ ಮಗ ಫೋನು ಮಾಡಿದರೆ ಅವನ ಕೆಲಸದ ಕಥೆ ಕೇಳುತ್ತ ಕೂರುವವರೂ ಅವರೇ!

ಈ ಕಾಲದ ಮಕ್ಕಳಿಗೆ ಸಹನೆಯಿಲ್ಲ ಎನ್ನುವ ಮೊದಲು ನಮ್ಮನ್ನೇ ನೋಡಿಕೊಳ್ಳೋಣ. ಬೆಳಗಿನಿಂದ ಬೇಯಿಸಿ ಬಡಿಸಿದ್ದನ್ನು ಎಲ್ಲರೂ ತುಟಿ ಬಿಚ್ಚದೆ ಉಂಡು ಎದ್ದುಹೋದರೆ ಮರುದಿನ ಒಲೆ ಹಚ್ಚಲು ಕೈ ಏಳುತ್ತದೆಯೇ? ಆದರೂ ಹಚ್ಚುತ್ತೇವೆ. ಯಾರೂ ನೋಡದ ಕೆಲಸದ ಬೇಸರ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಇವತ್ತಿಗೂ ವಾರದಲ್ಲಿ ಒಂದೆರಡು ದಿನ ಮನೆಯಿಂದಲೇ ಕೆಲಸ ಮಾಡುವ ಮಕ್ಕಳು ನಿಮ್ಮಲ್ಲೂ ಇರಬಹುದು. ಅವರಿಗೊಂದು ಬಾಗಿಲಿರುವ ಕೋಣೆ ಕೊಡಿ. ಕೆಲಸದ ನಡುವೆ ಕೊತ್ತಂಬರಿ ಸೊಪ್ಪಿಗೆಂದು ಅಂಗಡಿಗೆ ಅಟ್ಟಬೇಡಿ. ಕೆಲಸದ ಹೊತ್ತು ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿಸಿ ಊಟಕ್ಕೆ ಕರೆಯಿರಿ. ಬಡಿಸುವಾಗ, ‘ಇವತ್ತು ಏನು ಮಾಡಿದೆ, ಏನು ಕಲಿತೆ?’ ಎಂದು ಕೇಳಿ. ಅರ್ಧ ನಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಕೇಳಿಸಿಕೊಳ್ಳಿ.