ಮೂರು ಊರು, ನಾನೂರು ಮೀಟರು

ಆಸ್ಟ್ರೇಲಿಯಾ ಎಂದಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಕ್ರಿಕೆಟ್ಟು. ಪರ್ತ್ ಎಂದರೆ ಚೆಂಡು ಕಿವಿಯ ಪಕ್ಕದಲ್ಲೇ ಹಾಯುವ ವಾಕಾ ಪಿಚ್ಚು, ಬ್ರಿಸ್ಬೇನ್ ಎಂದರೆ ಗಾಬಾ, ಅಡಿಲೇಡ್ ಎಂದರೆ ಓವಲ್. ರಜೆಗೆ ಊರಿಗೆ ಹೋದಾಗ ಭಾವಮೈದುನರು ಕೇಳುವುದೂ ಅದನ್ನೇ. ಗಣಿ ಕಂಪನಿಯ ಕೆಲಸದ ಬೆನ್ನು ಹಿಡಿದು ಈ ಮೂರೂ ಊರುಗಳಲ್ಲಿ ಸಂಸಾರ ಹೂಡಿ, ಗಂಟುಮೂಟೆ ಕಟ್ಟಿ, ಮತ್ತೆ ಹೂಡಿದ ನನಗೆ ಮಾತ್ರ ಇವುಗಳ ನೆನಪು ಬೇರೆ ತರಹದ್ದು. ಮೂರು ಊರುಗಳಲ್ಲೂ ನಾನು ನಾನೂರು ಮೀಟರಿನ ಟ್ರ್ಯಾಕಿನ ಮೇಲೆ, ಒಂದೊಂದು ಗುಂಪಿನ ಜೊತೆ, ಎಲ್ಲರಿಗಿಂತ ಹಿಂದೆ ಓಡಿದ್ದೇನೆ. ಊರನ್ನು ಅರಿಯಲು ಅದೂ ಒಂದು ದಾರಿಯೇ ಅನ್ನಿ.

ಈ ಓಟದ ಉಸಾಬರಿ ನನಗೇಕೆ ಬಂತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಪ್ಪ 54ನೆಯ ವಯಸ್ಸಿನಲ್ಲಿ, ಅರಸೀಕೆರೆಯ ಮನೆಯ ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತಿದ್ದವರು, ಹಾಗೆಯೇ ಗೋಡೆಗೆ ಒರಗಿಬಿಟ್ಟರು. ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಹೃದಯದ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. 2015ರಲ್ಲಿ ಪರ್ತ್‌ನಲ್ಲಿ ನನಗೆ 46 ತುಂಬಿದಾಗ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ಮುಂದಿಟ್ಟರು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.3. ಆರೂವರೆ ಮುಟ್ಟಿದರೆ ಮಧುಮೇಹ. ನಮ್ಮ ದಕ್ಷಿಣ ಏಷ್ಯಾದವರಿಗೆ ಇದು ಬಿಳಿಯರಿಗಿಂತ ಚಿಕ್ಕ ವಯಸ್ಸಿನಲ್ಲಿ, ಅಷ್ಟೇನೂ ದಪ್ಪ ಇಲ್ಲದಿದ್ದರೂ ಬರುತ್ತದಂತೆ. "ನಿಮ್ಮ ತಂದೆಯವರು?" ಎಂದು ಕೇಳಿದರು. ಹೇಳಿದೆ. ಅವರು ಏನೂ ಮಾತಾಡದೆ ಅದನ್ನು ಬರೆದುಕೊಂಡರು. ಬೈದಿದ್ದರೆ ವಾಸಿಯಿತ್ತು.

ಆಗ ನನ್ನ ಮಗಳು ಶನಿವಾರ ಬೆಳಿಗ್ಗೆ ಲಿಟ್ಲ್ ಅಥ್ಲೆಟಿಕ್ಸ್‌ಗೆ ಹೋಗುತ್ತಿದ್ದಳು. ಇಲ್ಲಿ ಮಕ್ಕಳಿರುವ ಮನೆಯವರಿಗೆಲ್ಲ ಇದು ಗೊತ್ತು. 1960ರ ದಶಕದಲ್ಲಿ ವಿಕ್ಟೋರಿಯಾದ ಗೀಲಾಂಗ್‌ನಲ್ಲಿ ಶುರುವಾಗಿ ದೇಶವೆಲ್ಲ ಹಬ್ಬಿದ ಏರ್ಪಾಡು. ಅಪ್ಪ ಅಮ್ಮಂದಿರು ಟೇಪು ಹಿಡಿಯಬೇಕು, ಮರಳು ಹರಡಬೇಕು, ಸಾಸೇಜು ಸುಡಬೇಕು. (ಸಸ್ಯಾಹಾರಿಗಳಿಗೆ ಈರುಳ್ಳಿ ಬಾಡಿಸುವ ಕೆಲಸ ಸಿಗುತ್ತದೆ, ಚಿಂತೆ ಬೇಡ.) ಅದೇ ಹುಲ್ಲಿನ ಮೈದಾನದಲ್ಲಿ ಮಂಗಳವಾರ ಸಂಜೆ ಆರಕ್ಕೆ ದೊಡ್ಡವರ ಓಟದ ಗುಂಪು ಸೇರುತ್ತದೆ, ಯಾರು ಬೇಕಾದರೂ ಬರಬಹುದು ಎಂದು ಬೋರ್ಡಿನಲ್ಲಿ ಬರೆದಿದ್ದರು. ನಾನೂ ಹೋದೆ.

ಅವತ್ತಿನ ಪಾಠ: ಎಂಟು ಸಲ ನಾನೂರು ಮೀಟರು. ಕೇಳಲು ಸುಲಭ. ಕೋಚು ಗಡಿಯಾರ ಹಿಡಿದು ಪ್ರತಿ ಮೂರು ನಿಮಿಷಕ್ಕೊಮ್ಮೆ "ಗೋ" ಅನ್ನುತ್ತಾರೆ. ಎಲ್ಲರೂ ಒಟ್ಟಿಗೆ ಹೊರಡಬೇಕು. ಒಂದು ಸುತ್ತು ಮುಗಿಸಿದ ಮೇಲೆ ಮಿಕ್ಕ ಸಮಯ ವಿಶ್ರಾಂತಿ. ಈ ಲೆಕ್ಕದ ಸ್ವಾರಸ್ಯ ನನಗೆ ಎರಡನೆಯ ಸುತ್ತಿನಲ್ಲೇ ತಿಳಿಯಿತು. ಮುಂದಿನವರು 85 ಸೆಕೆಂಡಿನಲ್ಲಿ ಸುತ್ತು ಮುಗಿಸಿ, ಒಂದೂವರೆ ನಿಮಿಷ ನೀರು ಕುಡಿದು, ಮನೆ ಸಾಲದ ಬಡ್ಡಿಯ ಬಗ್ಗೆ ಮಾತಾಡುತ್ತಿದ್ದರು. ನನಗೆ ಒಂದು ಸುತ್ತಿಗೆ ಎರಡು ನಿಮಿಷ 25 ಸೆಕೆಂಡು. ಸಿಗುವ ಬಿಡುವು 35 ಸೆಕೆಂಡು. ಯಾರಿಗೆ ವಿಶ್ರಾಂತಿ ಹೆಚ್ಚು ಬೇಕೋ ಅವನಿಗೇ ಕಡಿಮೆ!

ಇನ್ನೊಂದು ಸಂಗತಿ ಇದೆ. ವೇಗದವರಿಗೆ ಒಳಗಿನ ಮೊದಲ ಪಟ್ಟೆ. ನಿಧಾನದವರು ದಾರಿ ಬಿಟ್ಟು ನಾಲ್ಕನೆಯದರಲ್ಲಿ ಓಡುವುದು ಅಲ್ಲಿಯ ರೂಢಿ. ಅಂತರರಾಷ್ಟ್ರೀಯ ಅಳತೆಯ ಟ್ರ್ಯಾಕಿನಲ್ಲಿ ಒಂದೊಂದು ಪಟ್ಟೆಯ ಅಗಲ 1.22 ಮೀಟರು. ಹಾಗಾಗಿ ಮೊದಲ ಪಟ್ಟೆಯಲ್ಲಿ ಒಂದು ಸುತ್ತಿಗೆ 400 ಮೀಟರಾದರೆ ನಾಲ್ಕನೆಯದರಲ್ಲಿ ಸುಮಾರು 422, ಎಂಟನೆಯದರಲ್ಲಿ 453. ಎಂಟು ಸುತ್ತಿಗೆ ನನ್ನ ಪಾಲಿಗೆ 176 ಮೀಟರು ಹೆಚ್ಚುವರಿ. ಜಿಎಸ್‌ಟಿ ಇದ್ದ ಹಾಗೆ.

ಐದನೆಯ ಸುತ್ತಿನ ಹೊತ್ತಿಗೆ ಕಾಲು ನನ್ನದಲ್ಲ ಅನ್ನಿಸಿತು. ಪರ್ತ್‌ನ ಬೇಸಿಗೆಯಲ್ಲಿ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ತಂಪು ಗಾಳಿ ಬೀಸುತ್ತದೆ. ಅದಕ್ಕೆ ಜನ ಫ್ರೀಮ್ಯಾಂಟಲ್ ಡಾಕ್ಟರ್ ಎಂದು ಹೆಸರಿಟ್ಟಿದ್ದಾರೆ. ಬಿಸಿಲಿಗೆ ಬೆಂದವರಿಗೆ ಅದು ಮದ್ದು ನಿಜ. ಆದರೆ ಕೊನೆಯ ನೂರು ಮೀಟರಿನಲ್ಲಿ ಎದುರಿಗೆ ಬಂದರೆ ಈ ಡಾಕ್ಟರು ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕುತ್ತಾರೆ. ಏಳನೆಯದನ್ನು ಅರ್ಧ ನಡೆದೆ. ಎಂಟನೆಯದನ್ನು ಮುಗಿಸುವಾಗ ಉಳಿದ ಇಪ್ಪತ್ತು ಜನ ಗೆರೆಯ ಬಳಿ ನಿಂತು ಚಪ್ಪಾಳೆ ತಟ್ಟಿದರು.

ನಮ್ಮ ಅರಸೀಕೆರೆಯ ಹೈಸ್ಕೂಲಿನಲ್ಲಿ ಓದಿದವರಿಗೆ ಈ ಚಪ್ಪಾಳೆಯ ಅರ್ಥವೇ ಬೇರೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದ ಮೈದಾನ, ಪಿ.ಟಿ. ಮೇಷ್ಟ್ರ ಶಿಳ್ಳೆ, ಬರಿಗಾಲು. ಗೆದ್ದವನಿಗೆ ಸ್ಟೀಲಿನ ಲೋಟ. ಕೊನೆಗೆ ಬಂದವನಿಗೆ ಚಪ್ಪಾಳೆ, ಜೊತೆಗೆ "ಹೋ" ಎಂಬ ಕೂಗು. ತಾಲ್ಲೂಕು ಕ್ರೀಡಾಕೂಟದ ನಂತರ ವಾರಗಟ್ಟಲೆ ಅದು ಬೆನ್ನು ಬಿಡುತ್ತಿರಲಿಲ್ಲ. ಹಾಗಾಗಿ ಪರ್ತ್‌ನಲ್ಲಿ ನಾನು ತಲೆ ತಗ್ಗಿಸಿಕೊಂಡೇ ಗೆರೆ ದಾಟಿದೆ. ಇವರು ನಗುತ್ತಿಲ್ಲ ಎಂದು ನಂಬಲು ನನಗೆ ನಾಲ್ಕೈದು ಮಂಗಳವಾರ ಹಿಡಿಯಿತು. ಆದರೂ ಒಂದು ಮಾತು. ಚಪ್ಪಾಳೆ ಎಷ್ಟೇ ಪ್ರೀತಿಯದಾದರೂ ಅದು ನೀವು ಕೊನೆಯವರು ಎಂದು ಊರಿಗೆಲ್ಲ ಸಾರುತ್ತದೆ.

ಪರ್ತ್‌ಗೆ ಓಟದ ದೊಡ್ಡ ಇತಿಹಾಸವಿದೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ 1500 ಮೀಟರನ್ನು 3 ನಿಮಿಷ 35.6 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯೊಂದಿಗೆ ಗೆದ್ದ ಹರ್ಬ್ ಎಲಿಯಟ್ ಈ ಊರಿನವರು. 1962ರ ನವೆಂಬರಿನಲ್ಲಿ ಇಲ್ಲಿಯ ಪೆರಿ ಲೇಕ್ಸ್ ಕ್ರೀಡಾಂಗಣದಲ್ಲಿ ಕಾಮನ್‌ವೆಲ್ತ್ ಕೂಟ ನಡೆದಾಗ ಬಿಸಿಲು 40 ಡಿಗ್ರಿ ದಾಟಿ, ಸೈನಿಕರು ಆಟಗಾರರಿಗೆ ನೀರು ಹೊತ್ತು ತರಬೇಕಾಯಿತಂತೆ. ಭಾರತ ಆ ಕೂಟಕ್ಕೆ ಬಂದಿರಲಿಲ್ಲ. ನಮಗದು ಚೀನಾ ಯುದ್ಧದ ತಿಂಗಳು. ಈಗ ಪೆರಿ ಲೇಕ್ಸ್ ಕ್ರೀಡಾಂಗಣವಿಲ್ಲ, ಆ ಜಾಗದಲ್ಲಿ ಮನೆಗಳೆದ್ದಿವೆ. 2009ರಲ್ಲಿ ಮೌಂಟ್ ಕ್ಲೇರ್‌ಮಾಂಟ್‌ನಲ್ಲಿ ಹೊಸದು ಬಂತು. ಮಗಳ ಸ್ಪರ್ಧೆಗೆಂದು ಅಲ್ಲಿಗೆ ಹೋದಾಗ ಆ ನುಣುಪಾದ ಟ್ರ್ಯಾಕನ್ನು ಕೈಯಿಂದ ಮುಟ್ಟಿ ನೋಡಿದ್ದೆ.

ಫೋನಿನಲ್ಲಿ ಇದನ್ನೆಲ್ಲ ವರ್ಣಿಸಿದಾಗ ಅಮ್ಮನಿಗೆ ಬಂದ ಸಂದೇಹ ಒಂದೇ. "ಯಾವ ಕಡೆಯಿಂದ ಸುತ್ತುತ್ತೀಯೋ?"

"ಎಡಗೈ ಒಳಗಡೆಗೆ ಬರೋ ಹಾಗೆ ಅಮ್ಮ."

"ಅಪ್ರದಕ್ಷಿಣೆನಾ! ಶುಭವಾಗಿ ಬಲಗಡೆಯಿಂದ ಸುತ್ತಬಾರದೇನೋ? ಅದಕ್ಕೇ ನಿನಗೆ ಏದುಸಿರು."

ಪುಸ್ತಕ ತಿರುವಿ ನೋಡಿದರೆ ಅಮ್ಮನ ಪಕ್ಷಕ್ಕೂ ಒಂದು ಸಾಕ್ಷಿ ಸಿಕ್ಕಿತು. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಪ್ರದಕ್ಷಿಣೆಯಾಗಿಯೇ ಓಡಿದ್ದರು. ಆಮೇಲೆ ಎಡಸುತ್ತು ರೂಢಿಗೆ ಬಂತು. ಅಮ್ಮನಿಗೆ ಹೇಳಿದೆ. "ನೋಡ್ದಾ?" ಎಂದರು.

2018ರಲ್ಲಿ ಬ್ರಿಸ್ಬೇನ್‌ಗೆ ವರ್ಗವಾಯಿತು. ಅಲ್ಲಿ ಸಂಜೆಯ ಮಾತೇ ಇಲ್ಲ. ಕ್ವೀನ್ಸ್‌ಲ್ಯಾಂಡಿನವರು ಬೇಸಿಗೆಯಲ್ಲೂ ಗಡಿಯಾರ ಮುಂದಕ್ಕೆ ತಿರುಗಿಸುವುದಿಲ್ಲವಾದ್ದರಿಂದ ಡಿಸೆಂಬರಿನಲ್ಲಿ ಐದು ಗಂಟೆಗೂ ಮೊದಲೇ ಸೂರ್ಯ ಬಂದು ಕೂತಿರುತ್ತಾನೆ. ಗುಂಪು ಸೇರುವುದು ಬೆಳಿಗ್ಗೆ ಐದಕ್ಕೆ. ಮಂಗಳೂರಿನ ಮೇ ತಿಂಗಳ ಹಾಗೆ ಬೆವರು. ಓಡುವ ಮೊದಲೇ ಅಂಗಿ ಒದ್ದೆ.

ಇಲ್ಲಿಯ ಕೋಚಮ್ಮನ ಕ್ರಮ ಬೇರೆ. ದೂರದ ಲೆಕ್ಕವೇ ಇಲ್ಲ. ಶಿಳ್ಳೆ ಊದಿದರೆ ಎರಡು ನಿಮಿಷ ಜೋರಾಗಿ ಓಡಬೇಕು. ಮತ್ತೆ ಶಿಳ್ಳೆ ಕೇಳಿದಾಗ ಯಾರು ಎಲ್ಲಿದ್ದಾರೋ ಅಲ್ಲೇ ಒಂದು ನಿಮಿಷ ಮೆಲ್ಲಗೆ ನಡೆಯಬೇಕು. ಹೀಗೆ ಹತ್ತು ಸಲ. ನಮ್ಮ ಯುಗಾದಿ ಕಾರ್ಯಕ್ರಮದ ಕುರ್ಚಿ ಆಟದ ಹಾಗೆ ಶಿಳ್ಳೆಗೆಲ್ಲ ಕಿವಿ ನಿಮಿರುತ್ತದೆ. ಕುರ್ಚಿ ಕಳೆದುಕೊಳ್ಳುವವರು ಯಾರೂ ಇಲ್ಲ, ಅಷ್ಟೇ ವ್ಯತ್ಯಾಸ. ನಾಲ್ಕನೆಯ ಶಿಳ್ಳೆಗೆ ಎಲ್ಲರೂ ಟ್ರ್ಯಾಕಿನ ಸುತ್ತ ಚದುರಿಹೋಗಿರುತ್ತಾರೆ. ಹೊಸದಾಗಿ ಬಂದು ನೋಡಿದವರಿಗೆ ಮೊದಲಿಗ ಯಾರು, ಕೊನೆಯವ ಯಾರು ಎಂದು ಹೇಳಲು ಸಾಧ್ಯವೇ ಇಲ್ಲ. ದುಂಡಗಿನ ದಾರಿಯ ಈ ಉಪಕಾರ ನನಗೆ ಪರ್ತ್‌ನಲ್ಲಿ ಕಂಡಿರಲಿಲ್ಲ.

ಬಿಡುವೂ ಎಲ್ಲರಿಗೂ ಒಂದೇ ನಿಮಿಷ. ಇದು ಬರೀ ದಾಕ್ಷಿಣ್ಯದ ಮಾತಲ್ಲ. 1930ರ ದಶಕದಲ್ಲಿ ಜರ್ಮನಿಯಲ್ಲಿ ಗೆರ್ಷ್ಲರ್ ಎಂಬ ಕೋಚು ಮತ್ತು ರೈನ್‌ಡೆಲ್ ಎಂಬ ಹೃದಯ ತಜ್ಞರು ಈ ಬಿಟ್ಟು ಬಿಟ್ಟು ಓಡುವ ಪದ್ಧತಿಯನ್ನು ಶಾಸ್ತ್ರೀಯವಾಗಿ ಕಟ್ಟಿದರು. ನಾಡಿಯನ್ನು 180ರವರೆಗೆ ಏರಿಸಿ, 120ಕ್ಕೆ ಇಳಿದ ಮೇಲೆ ಮುಂದಿನ ಓಟ. ಹೃದಯ ಗಟ್ಟಿಯಾಗುವುದು ನಡುವಿನ ಬಿಡುವಿನಲ್ಲೇ ಎಂಬುದು ಅವರ ವಾದ. ಅಂದರೆ ಪರ್ತ್‌ನ 35 ಸೆಕೆಂಡಿನಲ್ಲಿ ನನ್ನ ಹೃದಯಕ್ಕೆ ಇಳಿಯಲು ಪುರುಸೊತ್ತೇ ಇರಲಿಲ್ಲ. ಬ್ರಿಸ್ಬೇನ್‌ನಲ್ಲಿ ಮೂರು ವರ್ಷ ಒಂದು ಸೋಮವಾರವನ್ನೂ ನಾನಾಗಿ ಬಿಡಲಿಲ್ಲ. ಎಚ್‌ಬಿಎ1ಸಿ 5.9ಕ್ಕೆ ಬಂತು. ಅನ್ನ ಅರ್ಧ ಮಾಡಿದ್ದರದ್ದೂ ಅದರಲ್ಲಿ ಪಾಲಿದೆ ಎಂದು ಮನೆಯವರು ಇಲ್ಲಿ ಸೇರಿಸಲು ಹೇಳಿದ್ದಾರೆ.

ಆ ಊರಿನಲ್ಲಿ 1982ರ ಕಾಮನ್‌ವೆಲ್ತ್ ಕೂಟದ ಮ್ಯಾರಥಾನನ್ನು ಹಿರಿಯರು ಇನ್ನೂ ನಿನ್ನೆ ನಡೆದದ್ದರಂತೆ ಹೇಳುತ್ತಾರೆ. ಟಾಂಜಾನಿಯದ ಇಕಾಂಗಾ ಬಹಳ ಮುಂದಿದ್ದರು. ರಾಬ್ ಡಿ ಕ್ಯಾಸ್ಟೆಲಾ ಹಿಂದಿನಿಂದ ಬಂದು ಹಿಡಿದು, ಕೊನೆಗೆ 12 ಸೆಕೆಂಡಿನಿಂದ ಗೆದ್ದರು. ನದಿಯ ಪಕ್ಕದ ಆ ರಸ್ತೆಯಲ್ಲಿ ನಾನೂ ಭಾನುವಾರಗಳಂದು ಓಡಿದ್ದೇನೆ. ಹಿಂದಿನಿಂದಲೇ, ಯಾರನ್ನೂ ಹಿಡಿಯದೆ.

ಅಡಿಲೇಡ್‌ಗೆ ಬಂದದ್ದು 2022ರಲ್ಲಿ. ಕರ್ನಲ್ ಲೈಟ್ 1837ರಲ್ಲಿ ಅಳೆದು ಕೊಟ್ಟ ಊರು. ನಡುವೆ ಪಟ್ಟಣ, ಸುತ್ತಲೂ ಹಸಿರು ಪಾರ್ಕುಗಳ ಪಟ್ಟಿ. ಓಡುವವರಿಗೆ ಇದಕ್ಕಿಂತ ಒಳ್ಳೆಯ ಊರು ಈ ದೇಶದಲ್ಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಮೆಲ್ಬರ್ನಿನವರು ಜಗಳಕ್ಕೆ ಬರಬಹುದು. ಬೇಸಿಗೆ ಮಾತ್ರ ಬಳ್ಳಾರಿಯನ್ನೂ ಮೀರಿಸುತ್ತದೆ. 2019ರ ಜನವರಿಯಲ್ಲಿ 46.6 ಡಿಗ್ರಿ ದಾಖಲಾದ ಊರಿದು. ಪಟ್ಟಣದ ಪಶ್ಚಿಮಕ್ಕೆ ಮೈಲ್ ಎಂಡ್‌ನಲ್ಲಿ ದೊಡ್ಡ ಅಥ್ಲೆಟಿಕ್ಸ್ ಕ್ರೀಡಾಂಗಣವಿದೆ. ನಮ್ಮ ಗುಂಪಿನದು ಇನ್ನೊಂದು ಬಡಾವಣೆಯ ಚಿಕ್ಕ ಟ್ರ್ಯಾಕು.

2023ರ ಜೂನಿನಲ್ಲಿ ನನಗೆ 54 ತುಂಬಿತು. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅಮ್ಮ ಮಾತ್ರ ಫೋನಿನಲ್ಲಿ ಎರಡು ಸಲ "ಹುಷಾರು ಕಣೋ" ಅಂದರು. ಅಲ್ಲಿಂದ ಒಂದು ವರ್ಷ ಎದೆಯಲ್ಲಿ ಚೂರು ಚುರುಕ್ ಅಂದರೂ ನಿಂತುಬಿಡುತ್ತಿದ್ದೆ. ಡಾಕ್ಟರು ಯಂತ್ರದ ಪಟ್ಟೆಯ ಮೇಲೆ ಓಡಿಸಿ, ಹೃದಯದ ಗೆರೆ ನೋಡಿ, ಧಾರಾಳವಾಗಿ ಓಡಿ ಎಂದಿದ್ದರೂ ಕಾಲು ಕೇಳುತ್ತಿರಲಿಲ್ಲ. ಗುಂಪಿನವರಿಗೆ ಇದನ್ನು ನಾನು ಹೇಳಿರಲಿಲ್ಲ.

ಅಡಿಲೇಡಿನ ಕೋಚು ತಿಂಗಳಿಗೊಮ್ಮೆ ಒಂದು ಜೋಡಿ ಓಟ ಮಾಡಿಸುತ್ತಾರೆ. ಜರ್ಮನ್ ಹೆಸರು, ಪಾರ್‌ಲಾಫ್. ಇಬ್ಬರಿಗೆ ಒಂದು ಕೋಲು. ಒಬ್ಬ ಅರ್ಧ ಸುತ್ತು, ಇನ್ನೂರು ಮೀಟರು ಓಡಿ ಇನ್ನೊಬ್ಬನ ಕೈಗೆ ಕೋಲು ಕೊಡಬೇಕು. ಅವನು ಉಳಿದರ್ಧ ಓಡುವಷ್ಟರಲ್ಲಿ ಕೊಟ್ಟವನು ಮೈದಾನದ ನಡುವೆ ಅಡ್ಡ ಹಾಯ್ದು ಹೋಗಿ ಕೋಲಿಗೆ ಕೈ ಚಾಚಿ ನಿಲ್ಲಬೇಕು. ಇಪ್ಪತ್ತು ನಿಮಿಷ ಹೀಗೇ. ಜೋಡಿ ಕಟ್ಟುವಾಗ ಎಲ್ಲರಿಗಿಂತ ವೇಗದವನಿಗೆ ಎಲ್ಲರಿಗಿಂತ ನಿಧಾನದವನು. ಆಗ ಎಲ್ಲ ಜೋಡಿಗಳೂ ಹೆಚ್ಚುಕಡಿಮೆ ಸಮ.

2024ರ ಚಳಿಗಾಲದ ಒಂದು ಸಂಜೆ, 55 ತುಂಬಿದ ವಾರದಲ್ಲೇ, ನನ್ನ ಪಾಲಿಗೆ ಬಂದವನು ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದ ಹತ್ತೊಂಬತ್ತರ ಹುಡುಗ. ಕುತ್ತಿಗೆವರೆಗೆ ಹಚ್ಚೆ, ಮಾತು ಕಡಿಮೆ. ನನ್ನ ಹಣೆಬರಹ ನನಗೆ ಗೊತ್ತಿತ್ತು. ಅವನು ಇನ್ನೂರು ಮೀಟರನ್ನು 30 ಸೆಕೆಂಡಿನಲ್ಲಿ ಮುಗಿಸುತ್ತಾನೆ; ಅಷ್ಟರಲ್ಲಿ ನಾನು ಅಡ್ಡ ಹಾಯ್ದು ನಿಂತಿರಬೇಕು. ನನ್ನದು ಒಂದು ನಿಮಿಷಕ್ಕೂ ಮೇಲೆ. ಆ ಕೊನೆಯಲ್ಲಿ ಅವನು ಕಾಯುತ್ತ ನಿಂತಿರುವುದು ದೀಪದ ಬೆಳಕಿನಲ್ಲಿ ಕಾಣುತ್ತಿತ್ತು. ಏಳೆಂಟು ಸಲ ಆದ ಮೇಲೆ ಕೋಲು ಕೊಡುತ್ತ, "ಸಾರಿ, ನಿನ್ನನ್ನು ಕಾಯಿಸುತ್ತಿದ್ದೇನೆ" ಎಂದೆ. ಅವನು ಆಗ ಏನೂ ಹೇಳದೆ ಓಡಿದ. ಮುಂದಿನ ಸಲ ನನ್ನ ಕೈಗೆ ಕೋಲು ಹಾಕುವಾಗ ಮಂಡಿಯ ಮೇಲೆ ಕೈಯೂರಿ ಬಗ್ಗಿದವನು, ಏದುಸಿರಿನ ನಡುವೆ ಹೇಳಿದ. "ಅಂಕಲ್, ದಯವಿಟ್ಟು ನಿಧಾನಕ್ಕೇ ಬನ್ನಿ. ನನಗೆ ಸಿಗುವ ಉಸಿರು ಅಷ್ಟೇ."

ಇಂಗ್ಲಿಷಿನಲ್ಲೇ ಅಂದದ್ದು. "ಅಂಕಲ್" ಎಂಬುದನ್ನು ಯಾವ ಇಂಡಿಯನ್ ಗೆಳೆಯನಿಂದ ಕಲಿತಿದ್ದನೋ. ನಾನು ಕೋಲು ಹಿಡಿದು ಹೊರಟೆ. ಇನ್ನೂ ಆರು ನಿಮಿಷ ಬಾಕಿಯಿತ್ತು. ಎದೆ ಚುರುಕ್ ಅಂದಿತೋ ಇಲ್ಲವೋ, ಅವತ್ತು ಗಮನಿಸಲಿಲ್ಲ. ಏಳು ಜೋಡಿಗಳಲ್ಲಿ ನಾವು ನಾಲ್ಕನೆಯವರಾಗಿ ಬಂದೆವು.