ಚಾವಡಿಯ ಬಲ್ಬಿನಡಿ ಹರಿವೆ

ನಮ್ಮ ಕಡೆಯ ಆಟಿ ತಿಂಗಳು ನಿಮಗೆಲ್ಲ ಗೊತ್ತೇ ಉಂಟು. ಪುತ್ತೂರು, ಸುಳ್ಯ, ಕಡಬ, ಎಲ್ಲಿ ಹೋದರೂ ಒಂದೇ ಮಳೆ. ಅಂಗಳದಲ್ಲಿ ಹರಿವೆ ಬಿತ್ತಿದರೆ ಅರ್ಧ ಕೊಚ್ಚಿಹೋಗ್ತದೆ, ಉಳಿದದ್ದು ಕೊಳೆಯುತ್ತದೆ. 2015ರ ಆಗಸ್ಟಿನಲ್ಲಿ ಅಂತರಿಕ್ಷ ನಿಲ್ದಾಣದಲ್ಲಿದ್ದವರು ಎಲ್‌ಇಡಿ ಬೆಳಕಿನಲ್ಲೇ ಲೆಟ್ಯೂಸ್ ಸೊಪ್ಪು ಬೆಳೆಸಿ ತಿಂದರಂತೆ. ಅಲ್ಲಿ ಆಗುವುದು ನಮ್ಮ ಚಾವಡಿಯಲ್ಲಿ ಯಾಕೆ ಆಗಬಾರದು ಅಂತ ನನಗೆ ಮರುಳು ಹಿಡಿಯಿತು.

ತಪ್ಪಾದದ್ದು ಬೀಜದ ವಿಷಯದಲ್ಲಿ. ನಮ್ಮ ಕೆಂಪು ಹರಿವೆ ಅಜ್ಜಿ ತವರುಮನೆಯಿಂದ ತಂದದ್ದು. ವರ್ಷವೂ ನಾಲ್ಕು ಗಿಡ ಬೀಜಕ್ಕೆ ಬಿಟ್ಟು ಉಳಿಸಿಕೊಂಡು ಬಂದಿದ್ದಾರೆ. ಕಳೆದ ವರ್ಷ ಆ ಗಿಡಗಳನ್ನೇ ಕಾಡುಹಂದಿ ಬುಡಮೇಲು ಮಾಡಿತ್ತು. ಕುಡಿಕೆಯಲ್ಲಿ ಉಳಿದದ್ದು ಎರಡು ಚಮಚ. ಅದರಲ್ಲಿ ಅರ್ಧವನ್ನು ನಾನು ಹೇಳದೆ ಕೇಳದೆ ತೆಗೆದೆ.

ಎಣ್ಣೆಡಬ್ಬಿ ಕತ್ತರಿಸಿ, ಅಡಿಗೆ ತೂತು ಹಾಕಿ, ಮಣ್ಣು ಗೊಬ್ಬರ ತುಂಬಿಸಿ ಚಾವಡಿಯ ನೆಲದಲ್ಲಿಟ್ಟೆ. ಬಲ್ಬು ಮೇಲೆ, ಮಾಡಿನ ಹತ್ತಿರ. ಮೂರನೇ ದಿನ ಮೊಳಕೆ ಬಂತು, ಕುಣಿದೆ. ಆರನೇ ದಿನ ನೋಡ್ತೇನೆ, ಎಲ್ಲ ನೂಲಿನ ಹಾಗೆ ಉದ್ದ ಹೋಗಿ ಅಡ್ಡ ಬಿದ್ದಿವೆ!

ವಿಜ್ಞಾನ ಟೀಚರಲ್ಲಿ ಕೇಳಿದೆ. ನಮ್ಮ ಕಣ್ಣು ಮೋಸ ಮಾಡ್ತದಂತೆ. ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್, ರಾತ್ರಿ ಚಾವಡಿಯಲ್ಲಿ 100, ಹೆಚ್ಚೆಂದರೆ 200. ನಮಗೆ ಓದಲಿಕ್ಕೆ ಸಾಕು, ಹರಿವೆಗೆ ಅದು ಕತ್ತಲೆಯೇ. ಬೆಳಕು ಹುಡುಕಿಕೊಂಡೇ ಅದು ಉದ್ದ ಹೋಗುವುದು.

ಅಜ್ಜಿಗೆ ಹೇಳಲೇಬೇಕಾಯಿತು. ಅವರು ಬೈಯಲಿಲ್ಲ, ಕುಡಿಕೆ ಅಲ್ಲಾಡಿಸಿ ನೋಡಿದರು. ಬೈದಿದ್ದರೇ ಒಳ್ಳೆದಿತ್ತು. ಆಮೇಲೆ ಒಂದು ಚಿಟಿಕೆ ಬೀಜ ಕೊಟ್ಟು, "ಇದೂ ಹೋದ್ರೆ ಮತ್ತೆ ಕೇಳ್ಬೇಡ ಮಗಾ" ಅಂದರು.

ಈ ಸಲ 9 ವಾಟಿನ ಬಿಳಿ ಎಲ್‌ಇಡಿ ಬಲ್ಬನ್ನು ಡಬ್ಬಿಯ ಮೇಲೆ ಒಂದು ಗೇಣು ಎತ್ತರದಲ್ಲಿ ನೇತುಹಾಕಿದೆ. ಬೆಳಕು ಆಚೀಚೆ ಹೋಗದ ಹಾಗೆ ಸುತ್ತ ಬಿಳಿ ಕಾಗದ ಕಟ್ಟಿದೆ. ದೂರ ಅರ್ಧ ಮಾಡಿದರೆ ಬೆಳಕು ಹತ್ತಿರ ಹತ್ತಿರ 4 ಪಟ್ಟು. ಹಳೇ 60 ವಾಟಿನ ಬಲ್ಬನ್ನು ಅಷ್ಟು ಹತ್ತಿರ ಇಟ್ಟಿದ್ದರೆ ಸಸಿ ಬಾಡಿಹೋಗ್ತಿತ್ತು, ಅದರ ಕರೆಂಟೆಲ್ಲ ಬಿಸಿಗೇ ಖರ್ಚು. ಗಿಡಕ್ಕೆ ಮುಖ್ಯವಾಗಿ ಬೇಕಾದ ಕೆಂಪು, ನೀಲಿ ಎರಡೂ ಬಿಳಿ ಎಲ್‌ಇಡಿಯೊಳಗೆ ಉಂಟು.

"ಕರೆಂಟ್ ಸುಮ್ಮನೆ ಬರ್ತದಾ?" ಅಂತ ಅಮ್ಮ. ಲೆಕ್ಕ ಬರೆದು ತೋರಿಸಿದೆ. ದಿನಕ್ಕೆ 14 ಗಂಟೆ ಉರಿದರೆ 126 ವಾಟ್-ಗಂಟೆ, ತಿಂಗಳಿಗೆ 4 ಯೂನಿಟ್ ಕೂಡ ಇಲ್ಲ. ಅಮ್ಮ ಸುಮ್ಮನಾದರು. ಮಾರನೇ ದಿನ ತಂತಿಗೆ ಮರ ಬಿದ್ದು ಎರಡು ದಿನ ಕರೆಂಟೇ ಇಲ್ಲ! ಡಬ್ಬಿಯನ್ನು ಕಿಟಕಿಗೆ ಹೊತ್ತುಕೊಂಡು ಹೋದೆ.

ಸಸಿ ಬೀಳಲಿಲ್ಲ. ಆದರೆ 25 ದಿನಕ್ಕೆ ನಾಲ್ಕು ಬೆರಳು ಎತ್ತರ, ಬಣ್ಣವೂ ಅಂಗಳದ್ದರಷ್ಟು ಕೆಂಪಿಲ್ಲ. ಐದು ಜನರ ಪಲ್ಯಕ್ಕೆ ಅದು ಎಲ್ಲಿಗೆ? ಚೆನ್ನಾಗಿ ಬಂದದ್ದು ಮೂಲೆಯಲ್ಲಿ ಸುಮ್ಮನೆ ಊರಿದ್ದ ಒಂದೆಲಗ. ತೋಟದ ನೆರಳಲ್ಲೇ ಬೆಳೆಯುವ ಅದಕ್ಕೆ ಈ ಬೆಳಕು ಧಾರಾಳ. ಅಜ್ಜಿ ಅದರದ್ದೇ ತಂಬುಳಿ ಮಾಡಿದರು.

ಹರಿವೆ ಕೊಯ್ಯುವಾಗ ಮೂರು ಸಸಿ ಮುಟ್ಟಲಿಕ್ಕೆ ಅಜ್ಜಿ ಬಿಡಲಿಲ್ಲ. ಮಳೆ ಬಿಟ್ಟ ಮೇಲೆ ಅಂಗಳದಲ್ಲಿ ನೆಟ್ಟು ಸುತ್ತ ಮುಳ್ಳು ಕಟ್ಟಿದ್ದೇವೆ. ಈಗ ತೆನೆ ಬಂದಿದೆ, ಬೀಜ ಬಲಿಯಲಿಕ್ಕೆ ಇನ್ನೂ ಉಂಟು. ಕುಡಿಕೆ ಸದ್ಯ ಅಜ್ಜಿಯ ಪೆಟ್ಟಿಗೆಯಲ್ಲಿ, ಬೀಗದೊಳಗೆ.

– 9ನೇ ತರಗತಿ